ಅಪ್ಪನ ಮೊದಲ ಹೆಸರು

ಮನೆಗೆ ಬಣ್ಣ ಹೊಡೆಸಲು ಹೊರಟವರಿಗೆ ಒಂದು ಮಾತು ಹೇಳಿಬಿಡುತ್ತೇನೆ: ಅಟ್ಟವನ್ನು ಮುಟ್ಟಬೇಡಿ. ಗೋಡೆ ಹೇಗೋ ಒಪ್ಪವಾಗುತ್ತದೆ, ಅಟ್ಟದಿಂದ ಇಳಿದದ್ದು ಮತ್ತೆ ಹತ್ತುವುದಿಲ್ಲ. ಶಿವಮೊಗ್ಗದ ರವೀಂದ್ರನಗರದ ನಮ್ಮ ಮನೆಯಲ್ಲಿ ಹೋದ ವರ್ಷ ಹಾಗೆ ಇಳಿದವುಗಳಲ್ಲಿ ಒಂದು ತೂತುಬಿದ್ದ ಹಂಡೆ, ನಾನು ಎರಡೇ ತಿಂಗಳು ಕಲಿತು ಕೈಬಿಟ್ಟ ಹಾರ್ಮೋನಿಯಂ, ಬಟ್ಟೆ ಕಳೆದುಕೊಂಡ ನಾಲ್ಕಾರು ಛತ್ರಿಗಳು ಮತ್ತು ಅಪ್ಪನ ಕ್ಯಾನ್ವಾಸ್ ಚೀಲ ಇದ್ದವು.

ಚೀಲವೆಂದರೆ ಪೇಟೆಗೆ ಒಯ್ಯುವಂಥದ್ದಲ್ಲ. ನಿಲ್ಲಿಸಿದರೆ ನನ್ನ ಎದೆಯ ಎತ್ತರ ಬರುತ್ತದೆ, ಬಾಯಿಗೆ ದಪ್ಪ ಹಗ್ಗ. ಅಪ್ಪ ನೌಕಾಪಡೆಯಲ್ಲಿದ್ದಾಗ ತನ್ನ ಸಾಮಾನೆಲ್ಲ ತುಂಬಿಕೊಂಡು ಹಡಗು ಹತ್ತುತ್ತಿದ್ದ ಚೀಲವದು. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ನಾವಿದ್ದಾಗ ಅಮ್ಮ ಅದರಲ್ಲಿ ಒಲೆಯ ಇದ್ದಿಲು ತುಂಬಿಡುತ್ತಿದ್ದಳು. ಅದರ ಹೊಟ್ಟೆಯ ಮೇಲೆ ಬಿಳಿ ಬಣ್ಣದಲ್ಲಿ ಒಂದು ನಂಬರು, ನಂಬರಿನ ಕೆಳಗೆ ಅಂಗೈಯಗಲದ ಕಪ್ಪು ಪಟ್ಟಿ. ಹುಟ್ಟಿದಾಗಿನಿಂದ ನೋಡಿದ್ದೆ. ಅದು ಪಟ್ಟಿಯೇ ಎಂದು ತಿಳಿದಿದ್ದೆ.

ಬಣ್ಣದವನಿಗೆ ಬಣ್ಣದ ಮರ್ಮ ಗೊತ್ತಿರುತ್ತದಲ್ಲ. ಆತ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಹೇಳಿದ: "ಮೇಡಂ, ಇಲ್ಲಿ ಹೆಸರಿತ್ತು. ಯಾರೋ ಮೇಲೆ ಕಪ್ಪು ಹೊಡೆದಿದಾರೆ. ಬೆರಳಾಡಿಸಿ ನೋಡಿ, ಅಕ್ಷರ ಸಿಗ್ತವೆ."

ಬೆರಳಾಡಿಸಿದೆ. ಇಂಗ್ಲಿಷ್ ಅಕ್ಷರಗಳು ಉಬ್ಬಾಗಿ ಸಿಕ್ಕವು. ನನ್ನ ಅಪ್ಪನ ಹೆಸರು ಮೃತ್ಯುಂಜಯ. ಬೆರಳಿಗೆ ಸಿಕ್ಕ ಮೊದಲ ಅಕ್ಷರ ಆ ಹೆಸರಿನದಲ್ಲ. ಎರಡನೆಯದೂ ಅಲ್ಲ. ಮುಂದಿನವು ಕಪ್ಪಿನಡಿ ಕಲಸಿಹೋಗಿದ್ದವು.

ಅಪ್ಪ ತೀರಿಹೋಗಿ ಆರು ವರ್ಷವಾಗಿತ್ತು. ಬಾಂಗ್ಲಾ ಯುದ್ಧದ ಕಾಲಕ್ಕೆ ಆತ ಯುದ್ಧನೌಕೆಯೊಂದರ ಬಾಯ್ಲರ್ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದನೆಂಬುದು ನನಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ. ಹಡಗಿನ ಸುದ್ದಿ ತೆಗೆದರೆ, "ಅಲ್ಲಿ ಚಾ ಚೆನ್ನಾಗಿರ್ತಿತ್ತು" ಎಂದು ಹೇಳಿ ಎದ್ದುಹೋಗುತ್ತಿದ್ದ. ನೌಕಾಪಡೆಯಲ್ಲಿದ್ದವನ ಮಗಳಾಗಿ ನನ್ನ ಯುದ್ಧಜ್ಞಾನ ಒಂದು ಲೋಟ ಚಾದಷ್ಟೇ.

ಅಪ್ಪನಿಗೊಂದು ಅಭ್ಯಾಸವಿತ್ತು. ಹೆಸರು ಹಿಡಿದು ಕರೆದರೆ ಮೊದಲ ಕೂಗಿಗೆ ಓ ಎನ್ನುತ್ತಿರಲಿಲ್ಲ, ಎರಡನೆಯದಕ್ಕೂ ಇಲ್ಲ. ಮೂರನೆಯ ಸಲ "ಮೃತ್ಯುಂಜಯಣ್ಣಾ" ಎಂದು ಯಾರಾದರೂ ಗಂಟಲು ಹರಿದುಕೊಂಡಾಗ, ಬೇರೆಯವರನ್ನು ಕರೆಯುತ್ತಿರಬಹುದೆಂಬಂತೆ ಸುತ್ತ ನೋಡಿ, ಆಮೇಲೆ "ಹಾಂ, ನಾನೇ" ಎನ್ನುತ್ತಿದ್ದ. ಬಾಯ್ಲರ್ ಸದ್ದಿಗೆ ಕಿವಿ ಹೋಗಿದೆ ಎಂದು ನಾವು ನಗುತ್ತಿದ್ದೆವು. ಪಿಸುಮಾತಿನಲ್ಲಿ ಸಿನಿಮಾಕ್ಕೆ ಹೋಗುವ ಸಂಚು ಹೂಡಿದರೆ ಮಾತ್ರ ಆ ಕಿವಿಗೆ ಪಕ್ಕದ ಕೋಣೆಯಿಂದಲೂ ಕೇಳಿಸುತ್ತಿತ್ತು.

ಶಿವಮೊಗ್ಗದ ಗಾಂಧಿ ಬಜಾರಿನ ಹಿಂದಿನ ಗಲ್ಲಿಯಲ್ಲಿದ್ದ ಅಜ್ಜಿಯ ಮನೆಗೆ ನಾವು ಹಬ್ಬಕ್ಕೆ ಹೋಗುತ್ತಿದ್ದೆವು. ಅಪ್ಪ ಹೊಸ್ತಿಲು ದಾಟುವಾಗ ಅಜ್ಜಿ ತನ್ನ ಹೆತ್ತಮಗನ ಮುಖ ನೋಡುತ್ತಿರಲಿಲ್ಲ, ಪಾದ ನೋಡುತ್ತಿದ್ದಳು. ಬಗ್ಗಿ, ಕಣ್ಣು ಕಿರಿದು ಮಾಡಿ, ಹಿಮ್ಮಡಿ ಹಿಂದಿದೆಯೇ, ಬೆರಳು ಮುಂದಿವೆಯೇ ಎಂದು ಖಾತ್ರಿ ಮಾಡಿಕೊಂಡಂತೆ ನೋಡಿ, ಆಮೇಲೆ "ಬಾ ಮಗ" ಎನ್ನುತ್ತಿದ್ದಳು. ಕಾಲು ತೊಳೆದಿದ್ದಾನೋ ಇಲ್ಲವೋ ನೋಡುತ್ತಾಳೆಂದು ನಾನು ತಿಳಿದು, ನನ್ನ ಪಾದ ಮುಂದೆ ಚಾಚಿ "ನಂದೂ ನೋಡಜ್ಜಿ" ಎನ್ನುತ್ತಿದ್ದೆ. ನನ್ನದನ್ನು ಒಮ್ಮೆಯೂ ನೋಡಲಿಲ್ಲ.

ಈ ಚೀಲದ್ದೇ ಇನ್ನೊಂದು ನೆನಪಿದೆ. ನನಗೆ ಏಳೆಂಟು ವರ್ಷವಿರಬೇಕು. ಕಣ್ಣಾಮುಚ್ಚಾಲೆಯಾಡುತ್ತ ಇದ್ದಿಲು ಖಾಲಿಯಾದ ಚೀಲದೊಳಗೆ ಹೊಕ್ಕೆ. ತಮ್ಮ ಹಗ್ಗ ಎಳೆದು ಗಂಟು ಹಾಕಿ ಓಡಿಹೋದ. ಉಸಿರು ಕಟ್ಟಿ ನಾನು ಹೊರಳಾಡತೊಡಗಿದೆ. ಪಾಳಿ ಮುಗಿಸಿ ಬಂದ ಅಪ್ಪನಿಗೆ ಜಗಲಿಯ ಮೇಲೆ ಹೊರಳುತ್ತಿದ್ದ ಚೀಲ ಕಂಡಿತು. ಬೇರೆ ಯಾರಾದರೂ ಆಗಿದ್ದರೆ ಓಡಿಬಂದು ಬಿಚ್ಚುತ್ತಿದ್ದರು. ಅಪ್ಪ ನಿಂತೇ ಇದ್ದನಂತೆ. ಒಳಗಿದ್ದ ನನಗೆ ಆತನ ದನಿ ಕೇಳಿಸಿತು, ತೀರ ಮೆಲ್ಲಗೆ: "ನೀನೇನಾ? ನೀನೇ ಬಂದ್ಯಾ?" ಅಮ್ಮ ಬಂದು ಗಂಟು ಬಿಚ್ಚಿದಳು. ಇದ್ದಿಲಿನ ಮಸಿ ಬಳಿದುಕೊಂಡು ನಾನು ತಲೆ ಹೊರಹಾಕಿದರೆ ಅಪ್ಪ ಗೋಡೆಗೆ ಬೆನ್ನು ಒತ್ತಿ ಕೂತಿದ್ದ. ಹೊಡೆಯುತ್ತಾನೆಂದು ಕಾದೆ. ಹೊಡೆದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲ.

ಚೀಲ ಇಳಿದ ಹೊತ್ತಿಗೇ, ನಾನು ಗಣಿತ ಹೇಳಿಕೊಡುವ ಹೈಸ್ಕೂಲಿನ ಹೆಡ್‌ಮಾಸ್ಟರು ಕೇಳಿದ್ದರು: "ನಿಮ್ಮ ತಂದೆಯವರು ಯುದ್ಧದಲ್ಲಿದ್ರಂತಲ್ಲ ಮೇಡಂ, ಡಿಸೆಂಬರ್‌ನಲ್ಲಿ ಮಕ್ಕಳಿಗೆ ಹತ್ತು ನಿಮಿಷ ಮಾತಾಡಿ." ಚಾದ ಬಗ್ಗೆ ಹತ್ತು ನಿಮಿಷ ಮಾತಾಡುವುದು ಹೇಗೆ? ದಾಖಲೆ ತರಿಸೋಣವೆಂದು ಮಾಜಿ ಸೈನಿಕರ ಕಚೇರಿಯ ಮೂಲಕ ಅರ್ಜಿ ಹಾಕಿದೆ. ಬಂದ ಉತ್ತರ ಎರಡೇ ಸಾಲಿನದು. ಮೃತ್ಯುಂಜಯ ಎಂಬ ಹೆಸರಿನ, ಶಿವಮೊಗ್ಗದ ನಾವಿಕನೊಬ್ಬ ಆ ಹಡಗಿನಲ್ಲಿ ಎಂದೂ ಇರಲಿಲ್ಲ.

ಲೆಕ್ಕ ತಾಳೆಯಾಗದಿದ್ದರೆ ನನಗೆ ಊಟ ಸೇರುವುದಿಲ್ಲ. ಈ ಸಲ ಚೀಲದ ನಂಬರು ಬರೆದು ಕಳಿಸಿದೆ. ಎರಡು ತಿಂಗಳ ಮೇಲೆ ಲಕೋಟೆ ಬಂತು, ಒಳಗೆ ಹಳೆಯ ಕಾರ್ಡಿನ ನಕಲು. ನಂಬರು ಅದೇ. ವಿಳಾಸ ಅಜ್ಜಿಯ ಮನೆಯದು. ಮೂಲೆಯ ಫೋಟೋದಲ್ಲಿ ಕಿವಿ ಅಗಲಿಸಿಕೊಂಡ ಹುಡುಗ ನನ್ನ ಅಪ್ಪ, ಅನುಮಾನವಿಲ್ಲ. ಹೆಸರು: ರಂಗನಾಥ. ಕೆಳಗೆ ಮೊಹರು: ಯುದ್ಧದಲ್ಲಿ ಮೃತ, ದೇಹ ದೊರೆತು ಸಂಸ್ಕಾರವಾಗಿದೆ.

ತಾರೀಖು ನೋಡಿದೆ. ನಾನು ಹುಟ್ಟುವುದಕ್ಕೆ ಎರಡು ವರ್ಷ ಮೊದಲೇ ನನ್ನ ಅಪ್ಪ ಸತ್ತಿದ್ದ.

ಆ ಸಾಲನ್ನು ಯಾರೋ ಆಮೇಲೆ ಕೆಂಪು ಶಾಯಿಯಲ್ಲಿ ಹೊಡೆದು, ಪಕ್ಕದಲ್ಲಿ ಸಣ್ಣದಾಗಿ 'ಜೀವಂತ' ಎಂದು ಬರೆದಿದ್ದರು. ಅದನ್ನು ಕಾಣುವುದಕ್ಕೆ ನನಗೆ ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ.

ಅಮ್ಮ ಅಡುಗೆಮನೆಯಲ್ಲಿ ನೆನೆಸಿದ ಅವರೆಕಾಳು ಹಿಚುಕುತ್ತ ಕೂತಿದ್ದಳು. ಕಾರ್ಡು ಅವಳ ಮುಂದಿಟ್ಟೆ. ಅವಳಿಗೆ ಇಂಗ್ಲಿಷ್ ಬಾರದು. ಫೋಟೋ ನೋಡಿದಳು, ಕೈ ನಿಂತಿತು.

"ಅಮ್ಮಾ, ರಂಗನಾಥ ಯಾರು?"

"ಆ ಹೆಸರು ಹೇಳ್ಬೇಡ," ಎಂದಳು. "ಅದು ಸತ್ತೋರ ಹೆಸರು ಕಣೇ. ಮನೇಲಿ ಹೇಳ್ಬಾರ್ದು ಅಂತ ಪುರೋಹಿತರು ಕಟ್ಟು ಮಾಡಿದ್ರು."

ಅವಳು ಹೇಳಿದ್ದು ಇಷ್ಟು. ಮದುವೆಯಾಗಿ ಏಳು ತಿಂಗಳಾಗಿತ್ತು, ಅವಳಿಗೆ ಹತ್ತೊಂಬತ್ತು ವರ್ಷ. ಯುದ್ಧ ಶುರುವಾದ ವಾರದಲ್ಲೇ ತಂತಿ ಬಂತು. ಹಡಗಿನ ಬಾಯ್ಲರ್ ಕೋಣೆಗೆ ಬೆಂಕಿ ಬಿದ್ದು, ಮೇಲಿನ ಅಂತಸ್ತಿಗೂ ಹಬ್ಬಿ, ಹಲವರು ಸಮುದ್ರ ಪಾಲಾಗಿದ್ದರು. ನೀರಿನಲ್ಲಿ ಸಿಕ್ಕ ದೇಹದ ಮುಖ ಗುರುತು ಸಿಗುವಂತಿರಲಿಲ್ಲ. ಆದರೆ ಮೈಮೇಲಿದ್ದ ಅಂಗಿಯ ಎದೆಯ ಮೇಲೆ ರಂಗನಾಥನ ಹೆಸರೂ ನಂಬರೂ ಅಚ್ಚಾಗಿದ್ದವು. ಅಲ್ಲೇ ದಹನ ಮಾಡಿ, ನಾವಿಕನೊಬ್ಬನ ಕೈಯಲ್ಲಿ ಅಸ್ಥಿಯ ಮಡಕೆ ಕೊಟ್ಟು ರೈಲಿನಲ್ಲಿ ಕಳಿಸಿದರು. ತಾತ ಅದನ್ನು ಕೂಡ್ಲಿಗೆ ಒಯ್ದು ಹೊಳೆಯಲ್ಲಿ ಬಿಟ್ಟರು. ಹನ್ನೆರಡು ದಿನದ ಕರ್ಮ ನಡೆಯಿತು. ಅಮ್ಮನ ಬಳೆ ಒಡೆದರು, ತಾಳಿ ತೆಗೆದರು.

"ಅದಾಗಿ ಸ್ವಲ್ಪ ದಿನಕ್ಕೆ ಒಂದು ಮಧ್ಯಾಹ್ನ, ಎದುರು ಜವಳಿ ಅಂಗಡಿ ಮೆಟ್ಟಿಲ ಮೇಲೆ ಯಾರೋ ಕೂತಿದ್ರು. ತಲೆ ಬೋಳು, ಬಾಯಿಗೆ ಬಟ್ಟೆ ಕಟ್ಟಿತ್ತು. ನಮ್ಮನೇನೇ ನೋಡ್ತಿದ್ರು. ನಾನು ಕಿಟಕೀಲಿ ನೋಡ್ದೆ. ಕಿವಿ ನೋಡಿ ಗೊತ್ತಾಯ್ತು."

"ಅಪ್ಪನ ಹತ್ರ ಓಡಿಹೋಗ್ಲಿಲ್ವಾ?"

"ಹೆಂಗೆ ಓಡೋದು ಮಾರಾಯ್ತಿ? ಅಸ್ಥಿ ಹೊಳೇಲಿ ಬಿಟ್ಟು ಬಂದಿದ್ದಾರೆ, ಇವರು ನೋಡಿದ್ರೆ ಎದುರಿಗೆ ಕೂತಿದ್ದಾರೆ. ಬಜಾರೇ ಸುಮ್ಮನಾಗ್ಬಿಡ್ತು. ಒಂದೊಂದಾಗಿ ಅಂಗಡಿ ಬಾಗಿಲು ಎಳೆದ್ರು. ಅವರ ಬಾಯಿ ಸುಟ್ಟಿತ್ತು, ಮಾತು ಬರ್ತಿರ್ಲಿಲ್ಲ. ನಾನೇ ಅಂತ ಹೇಳೋಕೂ ಆಗ್ಲಿಲ್ಲ ಅವರಿಗೆ."

ಮೀನು ದೋಣಿಯವರು ಅಪ್ಪನನ್ನು ನೀರಿನಿಂದ ಎತ್ತಿದ್ದರು. ಹೆಸರು ಹೇಳಲೂ ಬರೆಯಲೂ ಆಗದೆ ದೂರದ ಆಸ್ಪತ್ರೆಯೊಂದರಲ್ಲಿ ವಾರಗಟ್ಟಲೆ ಬಿದ್ದಿದ್ದ. ಇದೆಲ್ಲ ಆಮೇಲೆ ಗೊತ್ತಾದದ್ದು. ಆ ದಿನ ದೀಪ ಹಚ್ಚುವ ಹೊತ್ತಿನವರೆಗೂ ಆತ ಮೆಟ್ಟಿಲ ಮೇಲೇ ಕೂತಿದ್ದ. ಪುರೋಹಿತರು ಬಂದು, ಕರ್ಮ ಮುಗಿದವನು ಮುಂಬಾಗಿಲಿಂದ ಬರುವ ಹಾಗಿಲ್ಲ, ಹೊಸದಾಗಿ ಹುಟ್ಟಬೇಕು ಎಂದರು. ಹಿತ್ತಿಲಲ್ಲಿ ತುಪ್ಪ ಸವರಿ ಮೀಯಿಸಿದರು. ಎಳೆಗೂಸಿಗೆ ಮಾಡುವಂತೆ ಮೊರದಲ್ಲಿ ಅಕ್ಕಿ ಹರಡಿ ತಲೆ ಇಡಿಸಿದರು. ಇಪ್ಪತ್ತನಾಲ್ಕು ವರ್ಷದವನ ಕಿವಿಯಲ್ಲಿ ಹೊಸ ಹೆಸರು ಹೇಳಿದರು. ಮರುದಿನ ಅಮ್ಮನಿಗೆ ಮತ್ತೆ ತಾಳಿ ಕಟ್ಟಿಸಿದರು. ಅಫಿಡವಿಟ್ಟು ಮಾಡಿಸಿ ಊರಿನ ಕಾಗದಪತ್ರಗಳಲ್ಲೂ ಹೆಸರು ಬದಲಾಯಿತು. ಚೀಲದ ಮೇಲೆ ಕಪ್ಪು ಬಳಿದವಳು ಅಜ್ಜಿ.

"ಬಂದೋರು ಅವರೇನಾ ಅಂತ ನನಗೂ ಅನುಮಾನ ಇತ್ತು," ಎಂದಳು ಅಮ್ಮ. "ರಾತ್ರಿ ಉಸಿರಾಡ್ತಾರಾ ಅಂತ ಕೈ ಇಟ್ಟು ನೋಡ್ತಿದ್ದೆ. ನೀನು ಹುಟ್ಟಿದ ಮೇಲೆ ಬಿಟ್ಟೆ."

ಲಕೋಟೆಯಲ್ಲಿ ಇನ್ನೊಂದು ಹಾಳೆಯಿತ್ತು. ಸುಧಾರಿಸಿಕೊಂಡ ಮೇಲೆ ಅಪ್ಪ ವಿಚಾರಣೆಯಲ್ಲಿ ಕೊಟ್ಟ ಹೇಳಿಕೆ. ನಿನ್ನ ಅಂಗಿ ಬೇರೆಯವನ ಮೈಮೇಲೆ ಹೇಗೆ ಬಂತು ಎಂದು ಕೇಳಿದ್ದಾರೆ. ಒಗೆದು ಒಣಹಾಕಿದ್ದೆ, ಯಾರೋ ತೆಗೆದುಕೊಂಡಿರಬೇಕು, ಯಾರೆಂದು ನನಗೆ ತಿಳಿಯದು ಎಂದು ಹೇಳಿ ಸಹಿ ಹಾಕಿದ್ದಾನೆ. ಅದನ್ನು ಕನ್ನಡದಲ್ಲಿ ಓದಿ ಹೇಳಿದೆ. ಅಮ್ಮ ಅವರೆಕಾಳಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು.

"ಗೊತ್ತಿತ್ತು ಅವರಿಗೆ," ಎಂದಳು. "ಸಾಯೋ ಮುಂಚೆ ನನಗೆ ಹೇಳಿದ್ರು. ಸಿಂಹಾಚಲಂ."

ಆ ಹೆಸರು ನನಗೆ ಹೊಸದಲ್ಲ. ನಮ್ಮ ಕ್ವಾರ್ಟರ್ಸಿನ ಹಿಂದಿನ ಸಾಲಿನಲ್ಲಿ ಒಂದು ತೆಲುಗು ಮನೆಯಿತ್ತು. ಯಜಮಾನರು ಕಾರ್ಖಾನೆಯಲ್ಲೇ ಇದ್ದು ತೀರಿಕೊಂಡಿದ್ದರು. ಆ ಮನೆಯ ಹಿರಿಯಾಕೆಯನ್ನು ನಾನು ಅಮ್ಮಮ್ಮ ಎನ್ನುತ್ತಿದ್ದೆ, ಅವರ ಮಗಳು ವರಲಕ್ಷ್ಮಕ್ಕ ನನ್ನ ಲಂಗಗಳನ್ನೆಲ್ಲ ಹೊಲಿದುಕೊಟ್ಟವಳು. ಸಿಂಹಾಚಲಂ ಆ ಮನೆಯ ಮಗ, ಯುದ್ಧದಲ್ಲಿ ಕಾಣೆಯಾದವನು. ಹಡಗಿನಲ್ಲಿ ನಮ್ಮ ಕಡೆಯವರು ಇಬ್ಬರೇ, ಶಿವಮೊಗ್ಗದ ಅಪ್ಪ, ಭದ್ರಾವತಿಯ ಆತ. ಆ ದಿನ ಅಪ್ಪನಿಗೆ ಜ್ವರ. ಕಾಯಿಲೆಯ ಚೀಟಿ ಬರೆಸಲು ಮೇಲಿನವರು ಒಪ್ಪಲಿಲ್ಲ. "ನೀನು ಮಲ್ಕೋ, ನಿನ್ನ ಅಂಗಿ ಕೊಡು, ನಂಬರು ನೋಡಿ ಹಾಜರಿ ಹಾಕ್ತಾರೆ" ಎಂದು ಹೇಳಿ ಸಿಂಹಾಚಲಂ ಅಪ್ಪನ ಪಾಳಿಗೆ ಇಳಿದುಹೋದ. ಪಾಳಿ ಅದಲುಬದಲು ಮಾಡಿಕೊಳ್ಳುವುದು ಯುದ್ಧಕಾಲದಲ್ಲಿ ದೊಡ್ಡ ಅಪರಾಧ. ಹಾಗಾಗಿ ಅಪ್ಪ ಗೊತ್ತಿಲ್ಲವೆಂದ. ಹಾಗಾಗಿ ಸಿಂಹಾಚಲಂ ಸತ್ತವನಾಗಲಿಲ್ಲ, ಕಾಣೆಯಾದವನಾಗಿಯೇ ಉಳಿದ.

ನೌಕಾಪಡೆ ಬಿಟ್ಟ ಮೇಲೆ, ನಿಜ ಹೇಳಿಬರುತ್ತೇನೆಂದು ಅಪ್ಪ ಭದ್ರಾವತಿಗೆ ಹೋದನಂತೆ. ಹೇಳಲಾಗಲಿಲ್ಲ. ಮರುವಾರ ಮತ್ತೆ ಹೋದ. ಕೊನೆಗೆ ಅಲ್ಲೇ ಕಾರ್ಖಾನೆ ಸೇರಿ, ಆ ಮನೆಯ ಮುಂದಿನ ಸಾಲಿನಲ್ಲೇ ಕ್ವಾರ್ಟರ್ಸ್ ಹಿಡಿದ. ಪ್ರತಿ ಭಾನುವಾರ ಅವರ ಮನೆಗೆ ಹೋಗುತ್ತಿದ್ದ. ಇಪ್ಪತ್ತೆಂಟು ವರ್ಷ ಹೋದ.

ನನಗೆ ಅಪ್ಪನ ಮೇಲೆ ಬಂದ ಸಿಟ್ಟನ್ನು ಏನು ಮಾಡಬೇಕೋ ತಿಳಿಯಲಿಲ್ಲ. ಸತ್ತವರ ಮೇಲೆ ಸಿಟ್ಟಾದರೆ ಮಾತು ಬಿಡುವ ಸೌಲಭ್ಯವೂ ಇರುವುದಿಲ್ಲ. ಹೆಡ್‌ಮಾಸ್ಟರಿಗೆ ಗಂಟಲು ಕೆಟ್ಟಿದೆಯೆಂದು ಸುಳ್ಳು ಹೇಳಿದೆ. ಹೇಳಿದ ಮೇಲೆ, ಸುಳ್ಳು ಎಷ್ಟು ಸಲೀಸಾಗಿ ಬಂತಲ್ಲ ಎನಿಸಿ ನನಗೇ ಭಯವಾಯಿತು.

"ವರಲಕ್ಷ್ಮಿಗೆ ಹೇಳ್ಬೇಕು ಕಣೇ," ಎಂದಳು ಅಮ್ಮ. "ಅವರಮ್ಮ ಹೋಗ್ಬಿಟ್ರು, ಇನ್ಯಾಕೆ ಅಂತ ನಾನು ಸುಮ್ಮನಿದ್ದೆ. ಧೈರ್ಯ ಇರ್ಲಿಲ್ಲ. ಹನ್ನೆರಡು ದಿನ ಆ ಹುಡುಗನಿಗೋಸ್ಕರ ನಾನು ಬೋಳು ಕೈಲಿ ಕೂತಿದೀನಿ, ಯಾರಿಗೆ ಅಂತ ಗೊತ್ತಿಲ್ದೆ. ನೀನು ಹೋಗು."

ಭಾನುವಾರ ಬಸ್ಸು ಹತ್ತಿ ಹೋದೆ. ವರಲಕ್ಷ್ಮಕ್ಕ ಮದುವೆಯಾದವಳಲ್ಲ. ಈಗ ಹಳೆಯ ಪೇಟೆಯಲ್ಲಿ ಒಂದು ಕೋಣೆಯ ಮನೆ, ಬಾಗಿಲಲ್ಲೇ ಹೊಲಿಗೆ ಮಿಷನ್ನು. ಬ್ಲೌಸಿನ ಬಟ್ಟೆ ಕತ್ತರಿಸುತ್ತಿದ್ದಳು. "ಬಾ ಶೈಲಾ, ಅಮ್ಮನ ಮಂಡಿ ನೋವು ಹೆಂಗಿದೆ?" ಎಂದಳು. ಗೋಡೆಯ ಮೇಲೆ ಸಿಂಹಾಚಲಂನ ಫೋಟೋ ಇತ್ತು, ಹಾರವಿಲ್ಲದೆ.

ನಾನು ಹೇಳತೊಡಗಿದೆ. ಅವಳು ಕತ್ತರಿ ನಿಲ್ಲಿಸಲಿಲ್ಲ. ಸೀಮೆಸುಣ್ಣದ ಗೆರೆ ಮುಗಿಯುವವರೆಗೂ ಕತ್ತರಿಸಿದಳು. ಗೆರೆ ಮುಗಿದ ಮೇಲೂ ಕತ್ತರಿಸಿದಳು, ಬಟ್ಟೆ ಎರಡಾಗುವವರೆಗೆ.

"ಪ್ರತಿ ವರ್ಷ ಪಿತೃಪಕ್ಷದಲ್ಲಿ ನಮ್ಮ ಪುರೋಹಿತರು ಕೇಳೋರು," ಎಂದಳು, "ಮಗನ ಹೆಸರೂ ಸೇರಿಸ್ಲೇನಮ್ಮಾ ಅಂತ. ಅಮ್ಮ ಜಗಳಕ್ಕೆ ಬೀಳೋಳು. ನನ್ನ ಮಗ ಬರ್ತಾನೆ, ಬಾಯಿಗೆ ಬಂದಂಗೆ ಅನ್ಬೇಡಿ ಅಂತ. ನಿಮ್ಮಪ್ಪ ಅಲ್ಲೇ ಕೂತಿರ್ತಿದ್ರು ಶೈಲಾ. ಅದೇ ಚಾಪೆ ಮೇಲೆ."

ಎರಡಾದ ಬಟ್ಟೆಯನ್ನು ಅವಳು ಕತ್ತರಿಯ ತುದಿಯಿಂದ ಪಕ್ಕಕ್ಕೆ ಸರಿಸಿದಳು.

"ಸುಟ್ಟಿದ್ದು ಯಾರು?"

"ನೇವಿಯವರು. ಅಸ್ಥಿ ನಮ್ಮ ಮನೆಗೆ ಕಳಿಸಿದ್ರು, ಅಪ್ಪನದು ಅಂತ."

"ಹೆಂಗೆ ಕಳಿಸಿದ್ರು?"

"ರೈಲಲ್ಲಿ. ಒಬ್ಬ ನಾವಿಕ ತಂದಿದ್ದ."

ಅವಳು ಕತ್ತರಿ ಕೆಳಗಿಟ್ಟಳು. ಮಾತಾಡಿದಾಗ ದನಿ ಬದಲಾಗಿತ್ತು, ಹುಡುಗಿಯ ದನಿಯಂತಿತ್ತು.

"ಕಾಣೆ ಅಂತ ತಂತಿ ಬಂದ್ಮೇಲೆ ಅಮ್ಮ ದಿನಾ ಶಿವಮೊಗ್ಗದ ರೈಲು ನೋಡೋಕೆ ಸ್ಟೇಷನ್ನಿಗೆ ಹೋಗೋಳು. ನನಗೆ ಹದಿನಾಲ್ಕು, ನಾನೂ ಜೊತೆಗೆ. ಒಂದಿನ ಕಿಟಕಿ ಹತ್ರ ಬಿಳಿ ಯೂನಿಫಾರಮ್ಮಿನೋನು ಕೂತಿದ್ದ. ತೊಡೆ ಮೇಲೆ ಬಟ್ಟೆ ಕಟ್ಟಿದ ಮಡಕೆ. ನಮ್ಮ ಸಿಂಹಾಚಲಂ ಗೊತ್ತಾ ಅಂತ ಅಮ್ಮ ಕೇಳಿದ್ಳು. ಅವನು ಬೇರೆ ಹಡಗಿನೋನು, ಗೊತ್ತಿಲ್ಲ ಅಂದ. ಶಿವಮೊಗ್ಗದ ಹುಡುಗನ ಅಸ್ಥಿ ಅಮ್ಮಾ, ಮನೆಗೆ ಮುಟ್ಟಿಸೋಕೆ ಹೋಗ್ತಿದೀನಿ ಅಂದ."

ಅವಳ ಬೆರಳುಗಳು ಮಿಷನ್ನಿನ ಮರದ ಮೇಲೆ ಏನನ್ನೋ ಸವರುತ್ತಿದ್ದವು.

"ಅಮ್ಮ ಕಿಟಕಿ ಒಳಗೆ ಕೈ ಹಾಕಿ ಆ ಮಡಕೆ ಮುಟ್ಟಿದ್ಳು. ಕೈ ಮುಗಿದ್ಳು. ಯಾರು ಹೆತ್ತ ಮಗನೋ ಅಂದ್ಳು. ರೈಲು ಹೊರಟಿತು. ವಾಪಸ್ ಬರ್ತಾ ದಾರೀಲಿ ನನಗೆ ಹೇಳಿದ್ಳು, ಮಡಕೆ ಇನ್ನೂ ಬೆಚ್ಚಗಿತ್ತು ಕಣೇ ಅಂತ."

ಎಷ್ಟೋ ದಿನದ ಪ್ರಯಾಣ ಮಾಡಿ ಬಂದ ಮಡಕೆ ಬೆಚ್ಚಗಿರಲು ಸಾಧ್ಯವಿಲ್ಲ. ಗಣಿತದವಳಾಗಿ ಹೇಳಬಹುದಿತ್ತು. ಮಧ್ಯಾಹ್ನದ ಬಿಸಿಲಿನಲ್ಲಿ, ಬೀದಿಯಲ್ಲಿ ಆಟೋಗಳು ಓಡಾಡುತ್ತಿರುವಾಗ, ನನ್ನ ತೋಳಿನ ಕೂದಲೆಲ್ಲ ನಿಂತಿದ್ದವು.

"ಹೋಗು ಶೈಲಾ," ಎಂದಳು. "ನೀನೇನೂ ಮಾಡಿಲ್ಲ. ಆದ್ರೂ ಈಗ ಹೋಗು."

ಮೂರು ವಾರ ಫೋನು ಬರಲಿಲ್ಲ, ನಾನೂ ಮಾಡಲಿಲ್ಲ. ಒಂದು ಬೆಳಿಗ್ಗೆ ಕ್ಲಾಸಿಗೆ ಹೊರಡುವಾಗ ಬಂತು. ಪೀಠಿಕೆಯಿಲ್ಲ. "ಅಸ್ಥಿ ಎಲ್ಲಿ ಬಿಟ್ರು?"

"ಕೂಡ್ಲಿಯಲ್ಲಿ ಅಕ್ಕ."

"ಅಮಾವಾಸ್ಯೆ ದಿನ ಬರ್ತೀಯಾ?"

ತುಂಗೆ ನಮ್ಮ ಊರನ್ನು ಹಾದು, ಭದ್ರೆ ಅವಳ ಊರನ್ನು ಹಾದು ಬಂದು ಸೇರುವ ಜಾಗ ಕೂಡ್ಲಿ. ಚಿಕ್ಕವರಿದ್ದಾಗ ಅಪ್ಪ ನಮ್ಮನ್ನು ಒಮ್ಮೆಯೂ ಅಲ್ಲಿಗೆ ಕರೆದೊಯ್ದಿರಲಿಲ್ಲ. ನಾನು ಹೋಗುವಷ್ಟರಲ್ಲಿ ವರಲಕ್ಷ್ಮಕ್ಕ ಮೆಟ್ಟಿಲ ಮೇಲೆ ಕಾಯುತ್ತಿದ್ದಳು, ತಲೆಗೆ ಸ್ನಾನ ಮಾಡಿ, ಒಗೆದ ಬಿಳಿ ಸೀರೆಯುಟ್ಟು. ಗಾಳಿಯಿರಲಿಲ್ಲ. ಹೊಳೆ ಸದ್ದೇ ಇಲ್ಲದೆ ಹರಿಯುತ್ತಿತ್ತು.

ಅಲ್ಲಿನ ಪುರೋಹಿತರು ದರ್ಭೆ, ಎಳ್ಳು ಜೋಡಿಸಿಕೊಂಡು ಕೇಳಿದರು: "ಗಂಡು ದಿಕ್ಕು ಯಾರೂ ಇಲ್ವೇನಮ್ಮಾ?"

"ನಾನೇ ಇರೋದು."

ಅವರು ದರ್ಭೆಯನ್ನು ಅವಳ ಕಡೆ ಚಾಚಿ, "ಬನ್ನಿ, ನೀವೇ ಬಿಡಿ," ಎಂದರು. "ಯಾವಾಗ ತೀರಿಕೊಂಡ್ರು?"

ಅವಳು ಕಾರ್ಡಿನಲ್ಲಿದ್ದ ತಾರೀಖು ಹೇಳಿದಳು. ಪುರೋಹಿತರು ತಲೆಯೆತ್ತಿ ಅವಳ ಮುಖ ನೋಡಿದರು. ಹೆಸರು ಕೇಳಿದಾಗ ಅವಳು ಗಟ್ಟಿಯಾಗಿ, ಆಚೆ ದಡಕ್ಕೆ ಕೇಳುವಂತೆ, "ಸಿಂಹಾಚಲಂ" ಎಂದಳು. ಗೋತ್ರ ಹೇಳಿದಳು, ತಂದೆಯ ಹೆಸರು ಹೇಳಿದಳು. ಐವತ್ತು ವರ್ಷದ ಮೇಲೆ ಆ ನೀರಿಗೆ ಸರಿಯಾದ ಹೆಸರು ಬಿತ್ತು. ಮೂರು ಬೊಗಸೆ ಎಳ್ಳುನೀರು ಬಿಟ್ಟಳು. ಅಳಲಿಲ್ಲ.

"ಬೇರೆ ಯಾರಿಗಾದ್ರೂ ಬಿಡೋದಿದೆಯಾ?" ಎಂದು ಪುರೋಹಿತರು ಕೇಳಿದರು.

ನಾನು ಅವಳ ಕಡೆ ನೋಡಲಿಲ್ಲ. ಕೇಳುವ ಹಕ್ಕು ನನಗಿರಲಿಲ್ಲ.

"ಇಲ್ಲ," ಎಂದಳು ಅವಳು. ಸೆರಗು ಹಿಂಡಿಕೊಂಡು ನಾಲ್ಕು ಮೆಟ್ಟಿಲು ಹತ್ತಿದಳು. ನಿಂತಳು. ಪುರೋಹಿತರು ಆಗಲೇ ಎಳ್ಳಿನ ಪೊಟ್ಟಣ ಮಡಚುತ್ತಿದ್ದರು. ಅವಳು ಒಂದೊಂದೇ ಮೆಟ್ಟಿಲು ಇಳಿದು ಬಂದು, ಕೂತು, ಬೊಗಸೆ ಒಡ್ಡಿದಳು.

"ಹೆಸರು?" ಎಂದರು ಪುರೋಹಿತರು.

ವರಲಕ್ಷ್ಮಕ್ಕ ನೀರು ನೋಡುತ್ತಿದ್ದಳು.

"ಹೆಸರು ಬೇಡ ಬಿಡಿ," ಎಂದಳು. "ಯಾರಿಗೆ ಅಂತ ಅವರಿಗೆ ಗೊತ್ತಾಗುತ್ತೆ."